ತೆಂಗಿನ ನುಸಿ ಪೀಡೆಯನ್ನು ಗೊಬ್ಬರದಿಂದ ಹತೋಟಿಗೆ ತರಬಹುದಾ?

ಪೂರ್ತಿ ಹೋಗುವುದಿಲ್ಲ, ಆದರೆ ಮರ ತಡೆದುಕೊಳ್ಳುತ್ತದೆ. ನುಸಿ ಇರುವುದು ಎಳೆಗಾಯಿಯ ತೊಟ್ಟಿನ ಅಡಿಯಲ್ಲಿ. ಸಿಂಪಡಿಸಿದ ಔಷಧಿ ಅಲ್ಲಿಗೆ ತಲುಪುವುದೇ ಕಷ್ಟ, ಅಲ್ವಾ? ಹಾಗಾಗಿ ಬೇರಿನಿಂದಲೇ ಬಲ ಕೊಡಬೇಕು.

ಬರೀ ಯೂರಿಯಾ ಜಾಸ್ತಿ ಹಾಕಬೇಡಿ. ಸಾರಜನಕ ಹೆಚ್ಚಾದ ರಸ ನುಸಿಗೆ ಒಳ್ಳೆಯ ಆಹಾರ. ಪೊಟ್ಯಾಷ್ ಸಾಕಷ್ಟಿದ್ದರೆ ಆ ಸಾರಜನಕ ಪ್ರೋಟೀನ್ ಆಗುತ್ತದೆ, ಗಿಡದ ಅಂಗಾಂಶವೂ ಗಟ್ಟಿಯಾಗುತ್ತದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ನೋಡಿ: ನುಸಿ ಬಿದ್ದ ಮರಕ್ಕೆ ವರ್ಷಕ್ಕೆ ಯೂರಿಯಾ 1.3 ಕೆಜಿ, ಸೂಪರ್ ಫಾಸ್ಫೇಟ್ 2 ಕೆಜಿ, ಪೊಟ್ಯಾಷ್ ಗೊಬ್ಬರ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಅಂತೂ 3.5 ಕೆಜಿ! ಜೊತೆಗೆ ಬೇವಿನ ಹಿಂಡಿ 5 ಕೆಜಿ, ಬೋರಾನ್ ಪೋಷಕಾಂಶ ಕೊಡುವ ಬೋರಾಕ್ಸ್ 50 ಗ್ರಾಂ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಕಲೆ ಬಿದ್ದ ಕಾಯಿ ಸರಿಹೋಗುವುದಿಲ್ಲ, ಮುಂದಿನ ಗೊನೆಗಳನ್ನು ಗಮನಿಸಿ.