ಮುಸುಕಿನ ಜೋಳ ದುಬಾರಿಯಾಗಿದೆ. ಅದರ ಬದಲು ಹಸುವಿಗೆ ಕಾಕಂಬಿ (ಸಕ್ಕರೆ ತಯಾರಿಸುವಾಗ ಉಳಿಯುವ ದಪ್ಪ ಕಪ್ಪು ಪಾಕ) ಕೊಡಬಹುದೇ? ಎಷ್ಟು?

ಕೊಡಬಹುದು. ಆದರೆ ಜೋಳವನ್ನು ಪೂರ್ತಿ ನಿಲ್ಲಿಸಬೇಡಿ. ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ. ಬೇಸಿಗೆಯಲ್ಲಿ ಹಸಿ ಮೇವು ಮುಗಿದು ರಾಗಿ ಹುಲ್ಲೇ ಗತಿಯಾದಾಗ ನಾವು ಕಾಕಂಬಿ ಬಳಸುತ್ತೇವೆ.

ಮೊದಲು ಲೆಕ್ಕ ನೋಡಿ. ಕಬ್ಬಿನ ಕಾಕಂಬಿಯಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆ, ಕಾಲು ಭಾಗ ನೀರು. ತೂಕಕ್ಕೆ ತೂಕ ಹಿಡಿದರೆ ಜೋಳದ ಮೂರರಲ್ಲಿ ಎರಡು ಪಾಲಿನಷ್ಟು ಶಕ್ತಿ ಸಿಗುತ್ತದೆ. ಸಾಗಾಣಿಕೆ ಸೇರಿಸಿಯೂ ಕಾಕಂಬಿಯ ಬೆಲೆ ಜೋಳದ ಬೆಲೆಯ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ ಬಿದ್ದರೆ ಮಾತ್ರ ಗಿಟ್ಟುತ್ತದೆ.

ನಿಜವಾದ ಲಾಭ ಇರುವುದು ಹುಲ್ಲಿನಲ್ಲಿ. ರಾಗಿ ಹುಲ್ಲನ್ನು ಹಾಗೆಯೇ ಹಾಕಿದರೆ ಹಸು ಗರಿಯನ್ನು ತಿಂದು ದಪ್ಪ ಕಡ್ಡಿಯನ್ನು ಗೊಂತಿನಲ್ಲೇ ಬಿಡುತ್ತದೆ. ಹುಲ್ಲನ್ನು ಕತ್ತರಿಸಿ, ಕಾಕಂಬಿಯನ್ನು ನಾಲ್ಕು ಪಾಲು ನೀರಿಗೆ ಕದಡಿ ಚಿಮುಕಿಸಿ, ಕೈಯಾಡಿಸಿ ಹಾಕಿ ನೋಡಿ. ಕಡ್ಡಿಯೂ ಉಳಿಯುವುದಿಲ್ಲ, ಗೊಂತನ್ನೂ ನೆಕ್ಕುತ್ತದೆ.

ಹಾಲು ಕರೆಯುವ ಹಸುವಿಗೆ ದಿನಕ್ಕೆ ಅರ್ಧ ಕೆಜಿ ಸಾಕು, ದೊಡ್ಡ ಹಸುವಾದರೆ ಒಂದು ಕೆಜಿಯವರೆಗೆ. ಇನ್ನೂರು ಗ್ರಾಂನಿಂದ ಶುರುಮಾಡಿ ಎರಡು ವಾರದಲ್ಲಿ ನಿಧಾನವಾಗಿ ಏರಿಸಿ. ಒಮ್ಮೆಲೇ ಹೆಚ್ಚು ಕೊಟ್ಟರೆ ಹೊಟ್ಟೆ ಹುಳಿಯಾಗಿ ಮೇವು ಬಿಡುತ್ತದೆ. ಸಗಣಿ ತೆಳುವಾದರೆ ಅಳತೆ ಇಳಿಸಿ.

ಬಹಳ ಜನ ಮರೆಯುವುದು ಹಿಂಡಿಯನ್ನು. ಹುಲ್ಲಿನ ನಾರನ್ನು ಒಡೆಯುವುದು ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಸಕ್ಕರೆಯೊಂದಿದ್ದರೆ ಅವು ಬೆಳೆಯುವುದಿಲ್ಲ, ಸಾರಜನಕವೂ ಬೇಕು. ಅದು ಹುಲ್ಲಿನಲ್ಲೂ ಕಡಿಮೆ, ಕಾಕಂಬಿಯಲ್ಲೂ ಕಡಿಮೆ. ಹಾಗಾಗಿ ಕಡಲೆಕಾಯಿ ಹಿಂಡಿಯನ್ನೋ ಹತ್ತಿಕಾಳು ಹಿಂಡಿಯನ್ನೋ ಕಡಿತಗೊಳಿಸಬೇಡಿ. ರಂಜಕವೂ (ಫಾಸ್ಫರಸ್) ಕಾಕಂಬಿಯಲ್ಲಿ ತೀರ ಕಡಿಮೆ, ಖನಿಜ ಮಿಶ್ರಣ ತಪ್ಪಿಸಬೇಡಿ.

ಸಾರಜನಕಕ್ಕಾಗಿ ಯೂರಿಯಾ ಬೆರೆಸಿ ಎಂದು ಯಾರಾದರೂ ಹೇಳಿದರೆ ಪಶುವೈದ್ಯರನ್ನು ಕೇಳದೆ ಕೈಹಾಕಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನೂರು ಕೆಜಿ ಹುಲ್ಲಿಗೆ ಎರಡು ಕೆಜಿ ಯೂರಿಯಾ, ಹತ್ತು ಕೆಜಿ ಕಾಕಂಬಿ ಎಂಬುದು ರೂಢಿಯ ಅಳತೆ. ಆದರೆ ಯೂರಿಯಾ ಕರಗದೆ ಒಂದೇ ಕಡೆ ಉಳಿದು, ಹಸು ಅದನ್ನು ತಿಂದರೆ ಗಂಟೆಯೊಳಗೆ ಪ್ರಾಣ ಹೋಗಬಹುದು. ಆರು ತಿಂಗಳೊಳಗಿನ ಕರುವಿಗಂತೂ ಅದು ಬೇಡವೇ ಬೇಡ.

ಕಾಕಂಬಿ ಅಬಕಾರಿ ಇಲಾಖೆಯ ಹತೋಟಿಯಲ್ಲಿರುವ ಸರಕು. ಡ್ರಮ್ಮುಗಟ್ಟಲೆ ತರಿಸುವ ಮೊದಲು ಪರವಾನಗಿ ವಿಚಾರಿಸಿ. ಒಂದೆರಡು ಹಸುಗಳಷ್ಟೇ ಇದ್ದರೆ ಯೂರಿಯಾ ಕಾಕಂಬಿ ಖನಿಜ ಇಟ್ಟಿಗೆ ಸಿಗುತ್ತದೆಯೇ ಎಂದು ನಿಮ್ಮೂರ ಹಾಲಿನ ಡೇರಿಯಲ್ಲಿ ಕೇಳಿ. ಗಟ್ಟಿಯಾಗಿರುವುದರಿಂದ ಹಸು ಸ್ವಲ್ಪಸ್ವಲ್ಪವೇ ನೆಕ್ಕುತ್ತದೆ. ಮಳೆ ನೀರು ಬೀಳದ ಕಡೆ ಇಡಿ.