ಲಾಂಚ್ ಕೇಬಲ್ ಎಷ್ಟುದ್ದ ಇರಬೇಕು? ಮೊದಲು ಪಲ್ಸ್ ಎಷ್ಟು ಹೇಳಿ

ಈ ಸಲವೂ ಅದೇ ಪ್ರಶ್ನೆ ನಾಲ್ಕು ಜನರಿಂದ ಬಂದಿದೆ. ಹಾಗಾಗಿ ಜಾಗವೆಲ್ಲ ಅದಕ್ಕೇ. ಓಟಿಡಿಆರ್ ಅಂದರೇನು ಅಂತ ಕೇಳಿದವರಿಗೆ ಒಂದೇ ಮಾತು: ಆಪ್ಟಿಕಲ್ ಫೈಬರಿನೊಳಗೆ ಬೆಳಕಿನ ಪಲ್ಸ್ ಬಿಟ್ಟು, ವಾಪಸ್ ಬಂದದ್ದನ್ನು ನೋಡಿ ಎಲ್ಲಿ ಎಷ್ಟು ಬೆಳಕು ಹೋಗುತ್ತದೆ ಅಂತ ಗೆರೆ (ಟ್ರೇಸ್) ಎಳೆದು ತೋರಿಸುವ ಯಂತ್ರ. ಅದಕ್ಕೂ ಟೆಸ್ಟ್ ಮಾಡುವ ಲಿಂಕಿಗೂ ನಡುವೆ ಹಾಕುವ ಫೈಬರೇ ಲಾಂಚ್ ಕೇಬಲ್. ಇದಕ್ಕಿಂತ ಹೆಚ್ಚು ಇಲ್ಲಿ ಹೇಳಿಕೊಡುವುದಿಲ್ಲ, ಕ್ಷಮಿಸಿ.

ಪ್ರಶ್ನೆ: ಒಂದು ಕಾಲೇಜು ಕ್ಯಾಂಪಸ್ಸಿನಲ್ಲಿ 3 ಕಿ.ಮೀ. ಸಿಂಗಲ್ ಮೋಡ್ ಲಿಂಕ್ ಟೆಸ್ಟ್ ಮಾಡಬೇಕು. ಲಾಂಚ್ ಕೇಬಲ್ 150 ಮೀಟರ್ ಸಾಕಾ, 1 ಕಿ.ಮೀ. ಬೇಕಾ? ಅಂಗಡಿಯವರು ಉದ್ದ ಇದ್ದಷ್ಟೂ ಒಳ್ಳೇದು ಅಂತಾರೆ.

ಉತ್ತರ: ಲಿಂಕ್ ಎಷ್ಟುದ್ದ ಅಂತ ಹೇಳಿದಿರಿ. ಪಲ್ಸ್ ವಿಡ್ತ್ (ಒಂದು ಪಲ್ಸ್ ಎಷ್ಟು ಹೊತ್ತಿನದ್ದು ಅನ್ನುವುದು) ಎಷ್ಟಿಡುತ್ತೀರಿ ಅಂತ ಮಾತ್ರ ಹೇಳಲಿಲ್ಲ. ಎಲ್ಲರೂ ಬಿಡುವುದು ಅದನ್ನೇ.

ಓಟಿಡಿಆರ್‌ನ ಸ್ವಂತ ಕನೆಕ್ಟರಿಗೆ ಬಡಿದು ವಾಪಸ್ ಬರುವ ಬೆಳಕು ಡಿಟೆಕ್ಟರಿನ ಕಣ್ಣು ಕುಕ್ಕುತ್ತದೆ. ಸುಧಾರಿಸಿಕೊಳ್ಳುವವರೆಗೆ ಅದಕ್ಕೆ ಏನೂ ಕಾಣುವುದಿಲ್ಲ. ಆ ಕುರುಡು ದೂರವನ್ನು ಲಾಂಚ್ ಕೇಬಲ್ ನುಂಗಿಕೊಳ್ಳಬೇಕು. ಆಮೇಲೂ ಒಂದಷ್ಟು ನೇರ ಗೆರೆ ಉಳಿಯಬೇಕು. ಆ ಗೆರೆಯೇ ಇಲ್ಲದಿದ್ದರೆ ಮೊದಲ ಕನೆಕ್ಟರಿನ ಲಾಸ್ ಅನ್ನು ಯಾವುದರಿಂದ ಕಳೆದು ಹೇಳುತ್ತೀರಿ?

ಲೆಕ್ಕ ಸುಲಭ. 10 ನ್ಯಾನೋಸೆಕೆಂಡ್ ಪಲ್ಸ್ ಟ್ರೇಸ್ ಮೇಲೆ ಸುಮಾರು 1 ಮೀಟರ್ ಹಿಡಿಯುತ್ತದೆ. 100 ಇಟ್ಟರೆ 10 ಮೀಟರ್, 1 ಮೈಕ್ರೋಸೆಕೆಂಡ್ ಇಟ್ಟರೆ 100 ಮೀಟರ್, 10 ಮೈಕ್ರೋಸೆಕೆಂಡ್ ಇಟ್ಟರೆ ಪೂರ್ತಿ 1 ಕಿ.ಮೀ. ಡಿಟೆಕ್ಟರ್ ಸುಧಾರಿಸಿಕೊಳ್ಳುವುದಕ್ಕೆ ಇದರ ಮೇಲೆ ಇನ್ನೂ ಜಾಸ್ತಿ ಬೇಕು. ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಹಾಕುವ ಡೆಡ್ ಝೋನ್ (ಅದೇ ಕುರುಡು ದೂರ) ಅತಿ ಸಣ್ಣ ಪಲ್ಸಿನದ್ದು. ಅದನ್ನು ನಂಬಿ ಕೇಬಲ್ ಕೊಳ್ಳಬೇಡಿ.

ನಿಮ್ಮ 3 ಕಿ.ಮೀ.ಗೆ 100 ನ್ಯಾನೋಸೆಕೆಂಡ್ ಒಳಗೇ ಕೆಲಸ ಆಗುತ್ತದೆ. 150 ಮೀಟರ್ ಸಾಕು. ನನ್ನ ಬ್ಯಾಗಿನಲ್ಲಿ 500 ಮೀಟರಿನದ್ದಿರುತ್ತದೆ. ಒಮ್ಮೊಮ್ಮೆ 1 ಮೈಕ್ರೋಸೆಕೆಂಡಿಗೆ ಏರಿಸಬೇಕಾಗುತ್ತದೆ, ಅದಕ್ಕೆ. 2 ಕಿ.ಮೀ. ಡ್ರಮ್ ಹೊರುವುದು ಊರಿಂದೂರಿಗೆ ಹೋಗುವ ರೂಟ್‌ಗಳಿಗೆ ಮಾತ್ರ.

ಉದ್ದ ಮಾಡಿಸಿಕೊಂಡರೆ ಭೂತವೂ (ಟ್ರೇಸಿನಲ್ಲಿ ಕಾಣುವ ಸುಳ್ಳು ಮೊನೆ) ದೂರ ಹೋಗುತ್ತದೆ, ಅಷ್ಟೇ. ಕನೆಕ್ಟರ್ ಕೊಳೆಯಾಗಿದ್ದರೆ ಬೆಳಕು ಲಾಂಚ್ ಕೇಬಲ್ಲಿನೊಳಗೇ ಎರಡು ಸಲ ಪುಟಿದು ಬರುತ್ತದೆ. 1 ಕಿ.ಮೀ. ಕೇಬಲ್ ಹಾಕಿದರೆ 2 ಕಿ.ಮೀ. ಹತ್ತಿರ ಒಂದು ಮೊನೆ ಕಾಣುತ್ತದೆ. ಅಲ್ಲಿ ಕನೆಕ್ಟರ್ ಇದೆ ಅಂದುಕೊಂಡು ಜನ ಕೇಬಲ್ಲಿನ ಗುಂಡಿ (ಚೇಂಬರ್) ಹುಡುಕುತ್ತಾರೆ! ಬೇರೆ ಉದ್ದದ ಲಾಂಚ್ ಹಾಕಿ ನೋಡಿ. ಮೊನೆ ಜಾಗ ಬದಲಿಸಿದರೆ ಭೂತ.

ಹೋದ ವರ್ಷ ಒಂದು ಕಡೆ 24 ಕೋರಿನ (24 ಎಳೆ ಫೈಬರಿನ) ರಿಪೋರ್ಟ್ ಪೂರ್ತಿ ಪಾಸ್ ಆಗಿತ್ತು, ಲಿಂಕ್ ಮಾತ್ರ ಏಳುತ್ತಿರಲಿಲ್ಲ. ಲಾಂಚ್ ಅಂತ ಹಾಕಿದ್ದು 2 ಮೀಟರ್ ಪ್ಯಾಚ್ ಕಾರ್ಡ್. ನನ್ನ 500 ಮೀಟರ್ ಹಾಕಿದಾಗ 7ನೇ ಕೋರಿನ ಮೊದಲ ಕನೆಕ್ಟರಿನಲ್ಲೇ 1.8 ಡಿಬಿ ಹೋಗುತ್ತಿತ್ತು. ಸ್ಕೋಪಿನಲ್ಲಿ (ಕನೆಕ್ಟರ್ ಮುಖ ನೋಡುವ ಮೈಕ್ರೋಸ್ಕೋಪ್) ನೋಡಿದರೆ ನಟ್ಟನಡುವೆ ಬೆರಳಿನ ಜಿಡ್ಡು. ಒರೆಸಿದ ಮೇಲೆ 0.3. ಆಚೆ ತುದಿಗೂ ಹೀಗೇ ಒಂದು ಕೇಬಲ್ ಹಾಕಿ. ಇಲ್ಲದಿದ್ದರೆ ಕೊನೆಯ ಕನೆಕ್ಟರನ್ನು ಅಳೆದೇ ಇಲ್ಲ ಅಂತ ಲೆಕ್ಕ.

ಪ್ರಶ್ನೆ: ಹಸಿರು ಕನೆಕ್ಟರಿನ ಲಾಂಚ್ ಇದೆ, ಪ್ಯಾನೆಲ್ ನೀಲಿ. ನಡೆಯುತ್ತಾ?

ಉತ್ತರ: ನಡೆಯಲ್ಲ. ಹಸಿರಿನ 8 ಡಿಗ್ರಿ ಓರೆ ಮುಖವನ್ನು ಓರೆಯಿಲ್ಲದ ನೀಲಿಗೆ ಒತ್ತಿ ಎರಡನ್ನೂ ಹಾಳು ಮಾಡಬೇಡಿ.

ಪ್ರಶ್ನೆ: ಬಾಯಲ್ಲಿ ಊದಿ, ಅಂಗಿಗೆ ಒರೆಸಿದರೆ ಸಾಲದಾ? ನಮ್ಮ ಮೇಸ್ತ್ರಿ ಹಾಗೇ ಮಾಡ್ತಾರೆ.

ಉತ್ತರ: ನಿಮ್ಮ ಮೇಸ್ತ್ರಿಗೆ ಸ್ಕೋಪ್ ಕೊಟ್ಟು ಉಗುಳು ತೋರಿಸಿ.

ಪ್ರಶ್ನೆ: ಲೈಟ್ ಸೋರ್ಸ್, ಪವರ್ ಮೀಟರಿಗೂ 500 ಮೀಟರ್ ಬೇಕಾ?

ಉತ್ತರ: ಬೇಡ. ಅವು ಒಂದು ತುದಿಯಿಂದ ಬೆಳಕು ಬಿಟ್ಟು ಇನ್ನೊಂದು ತುದಿಯಲ್ಲಿ ಅಳೆಯುವುವು, ಅಲ್ಲಿ ಕುರುಡು ದೂರ ಇಲ್ಲ. ಅದಕ್ಕೆ ಒಂದೆರಡು ಮೀಟರಿನ ರೆಫರೆನ್ಸ್ ಕಾರ್ಡ್ ಸಾಕು.

ಪ್ರಶ್ನೆ: ಸೈಟಿನಲ್ಲಿ ಉಳಿದ ಫೈಬರಿನಿಂದ ನಾವೇ ಲಾಂಚ್ ಮಾಡಿಕೊಳ್ಳಬಹುದಾ?

ಉತ್ತರ: ಮಾಡಿಕೊಳ್ಳಿ, ಲಿಂಕ್‌ನದ್ದೇ ತರಹದ ಫೈಬರ್ ಆಗಿದ್ದರೆ. ಮಲ್ಟಿಮೋಡ್ ಆದರೆ 50 ಮೈಕ್ರಾನಿನದ್ದಕ್ಕೆ 50, 62.5ಕ್ಕೆ 62.5. ಬಿಗಿಯಾಗಿ ಸುತ್ತಬೇಡಿ. ತುದಿಗಳಿಗೆ ಕನೆಕ್ಟರ್ ಇರುವ ಒಳ್ಳೆಯ ತುಂಡು ಫೈಬರ್, ಅಂದರೆ ಪಿಗ್‌ಟೇಲ್ ಸ್ಪ್ಲೈಸ್ ಮಾಡಿ (ಬೆಸೆಯಿರಿ). ದಿನಾ ಹಾಕಿ ತೆಗೆದು ಮೊದಲು ಸವೆಯುವುದು ಅದೇ, ಆಗ ಅದನ್ನಷ್ಟೇ ಬದಲಿಸಿದರಾಯಿತು.