ಬ್ರೌಸರ್‌ಗೆ ದೊಡ್ಡ ಅಪ್‌ಡೇಟ್ ಬಂದರೆ ಎಷ್ಟು ವಾರ ಕಾಯಬೇಕು?

ಹಾವೇರಿಯಲ್ಲಿ ಆನ್‌ಲೈನ್ ಸೆಂಟರ್ ನಡೆಸುತ್ತೀರಿ, ಒಂದು ವಾರ ಕಾಯಲೋ ಒಂದು ತಿಂಗಳೋ ಅಂತ ಕೇಳಿದ್ದೀರಿ. ನಾನು ಗದಗಿನ ಮುಳಗುಂದ ನಾಕಾ ಹತ್ತಿರ ಇದೇ ಕೆಲಸ ಮಾಡುತ್ತಿದ್ದೆ.

2017ರ ಮಾರ್ಚ್, ಟೆಂಡರ್‌ಗಳ ಸುಗ್ಗಿ. ಶಿರಹಟ್ಟಿ ಕಡೆಯ ಗುತ್ತಿಗೆದಾರರೊಬ್ಬರು ರಸ್ತೆ ಕೆಲಸದ ಟೆಂಡರ್ ಹಾಕಿಸಲು ಬಂದಿದ್ದರು. ಸಂಜೆ 4 ಗಂಟೆಗೆ ಕೊನೆ. ಟೆಂಡರ್ ಸೈಟಿನಲ್ಲಿ ಡಿಜಿಟಲ್ ಸಹಿಗೆ ಜಾವಾ ಪ್ಲಗಿನ್, ಅಂದರೆ ಬ್ರೌಸರ್‌ಗೆ ಜೋಡಿಸುವ ಒಂದು ಸಾಫ್ಟ್‌ವೇರ್, ಬೇಕಿತ್ತು. ಕ್ರೋಮ್ 2015ರಲ್ಲೇ ಅದನ್ನು ಬಿಟ್ಟಿತ್ತು, ಹಾಗಾಗಿ ನಾನು ಫೈರ್‌ಫಾಕ್ಸ್ ಒಂದನ್ನೇ ನಂಬಿಕೊಂಡಿದ್ದೆ. ಕಾಗದ ಎಲ್ಲ ಸ್ಕ್ಯಾನ್ ಆಗಿತ್ತು, ಸಹಿ ಮಾತ್ರ ಬಾಕಿ. ಪೇಜ್ ತೆರೆಯಲು ತಡವಾಗುತ್ತಿತ್ತು. ಅಪ್‌ಡೇಟ್ ಆದರೆ ಚುರುಕಾಗಬಹುದು ಅಂತ ಬಟನ್ ಒತ್ತಿದೆ. ಆಗ 3 ಗಂಟೆ.

ಬಂದದ್ದು ಫೈರ್‌ಫಾಕ್ಸ್ 52. ಅದರಲ್ಲಿ ಫ್ಲ್ಯಾಶ್ ಬಿಟ್ಟು ಅಂಥ ಪ್ಲಗಿನ್‌ಗಳೆಲ್ಲ ಬಂದ್. ಸಹಿ ಹಾಕುವ ಜಾಗ ಖಾಲಿ ಕಾಣಿಸಿತು. ಜಾವಾನೇ ಕೆಟ್ಟಿದೆ ಅಂದುಕೊಂಡು ತೆಗೆದು ಮತ್ತೆ ಹಾಕಿದೆ, ಅರ್ಧ ಗಂಟೆ ಅದಕ್ಕೇ ಹೋಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆರೆದೆ, ಅದರಲ್ಲಿ ಒಂದು ಸೆಟ್ಟಿಂಗೂ ಮಾಡಿರಲಿಲ್ಲ. "ಆತೇನಪಾ ತಮ್ಮಾ?" ಅಂತ ಅವರು ಕೇಳುತ್ತಲೇ ಇದ್ದರು. 4 ಗಂಟೆಗೆ ಸೈಟ್ ಮುಚ್ಚಿತು.

ಬೇಗ ಅಪ್‌ಡೇಟ್ ಮಾಡಿದ್ದು ನನ್ನ ತಪ್ಪಲ್ಲ. ಆ ಆವೃತ್ತಿ ಮಾರ್ಚ್ 7ಕ್ಕೇ ಬಂದು ಎರಡು ವಾರ ಆಗಿತ್ತು. ಮೂರು ತಿಂಗಳು ಬಿಟ್ಟು ಒತ್ತಿದ್ದರೂ ಜಾವಾ ನಡೆಯುತ್ತಿರಲಿಲ್ಲ, ಯಾಕೆಂದರೆ ಅದು ಮುಂದೆ ಸರಿಯಾಗುವ ದೋಷ ಅಲ್ಲ, ಬೇಕಂತಲೇ ತೆಗೆದದ್ದು. ಗಿರಾಕಿಯ ಕೆಲಸ ಅರ್ಧ ಇರುವಾಗ ಒತ್ತಿದೆನಲ್ಲ, ಅದು ತಪ್ಪು. ಅಪ್‌ಡೇಟ್ ಡೌನ್‌ಲೋಡ್ ಆಗಿ ಸುಮ್ನೆ ಕೂತಿತ್ತು, ಇನ್ನೊಂದು ಗಂಟೆ ಕೂತಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಏನೇನು ಬದಲಾಗಿದೆ ಅನ್ನುವ ಟಿಪ್ಪಣಿಯನ್ನೂ ನಾನು ಓದಿರಲಿಲ್ಲ. ಜಾವಾ ನಡೆಯುವುದಿಲ್ಲ ಅಂತ ಅದರಲ್ಲಿ ಹೆಸರು ಹಿಡಿದೇ ಬರೆದಿತ್ತು. ಓದಲು ಎರಡು ನಿಮಿಷ ಸಾಕಿತ್ತು.

ಹಾಗಾಗಿ ವಾರ ಎಣಿಸುವುದನ್ನು ಬಿಡಿ. ನಿಮ್ಮ ಸೆಂಟರಿನಲ್ಲಿ ಜನ ಬ್ಯಾಂಕ್ ಪಾಸ್‌ವರ್ಡ್ ಒತ್ತುತ್ತಾರೆ, ಅಲ್ವಾ? ಭದ್ರತೆಯ ತೂತು ಮುಚ್ಚುವ ಅಪ್‌ಡೇಟನ್ನು ತಿಂಗಳುಗಟ್ಟಲೆ ತಡೆಯುವುದು ಅವರಿಗೆ ಮಾಡುವ ಅನ್ಯಾಯ. ಬಂದ ದಿನವೇ ಹಾಕಿ, ಆದರೆ ರಾತ್ರಿ ಅಂಗಡಿ ಮುಚ್ಚುವ ಮುಂಚೆ, ಮೊದಲು ಒಂದೇ ಕಂಪ್ಯೂಟರಿಗೆ. ಅಲ್ಲೇ ಕೂತು ಸಹಿಯ ಟೋಕನ್ (ಡಿಜಿಟಲ್ ಸಹಿ ಇರುವ ಪೆನ್‌ಡ್ರೈವ್‌ನಂಥ ಸಾಧನ), ಬೆರಳಚ್ಚು ಯಂತ್ರ, ಪ್ರಿಂಟರ್ ಎಲ್ಲ ನಡೆಯುತ್ತವಾ ನೋಡಿ. ಮರುದಿನ ಕೊನೆಯ ತಾರೀಖಿನ ಕೆಲಸ ಇದ್ದರೆ ಅದು ಮುಗಿಯುವ ತನಕ ಮುಟ್ಟಬೇಡಿ. ಇನ್ನೊಂದು ಬ್ರೌಸರನ್ನೂ ಸೆಟ್ಟಿಂಗ್ ಸಮೇತ ತಯಾರು ಇಡಿ.

ಸಹಿ ಕೆಲಸದ ಕಂಪ್ಯೂಟರಿಗೆ ಫೈರ್‌ಫಾಕ್ಸ್ ಇಎಸ್‌ಆರ್ (ಫೈರ್‌ಫಾಕ್ಸ್‌ನದೇ ನಿಧಾನಕ್ಕೆ ಬದಲಾಗುವ ಆವೃತ್ತಿ) ಹಾಕಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಭದ್ರತೆಯ ತಿದ್ದುಪಡಿ ಆಗಾಗ ಬರುತ್ತವೆ, ದೊಡ್ಡ ಬದಲಾವಣೆ ವರ್ಷಕ್ಕೊಮ್ಮೆ ಅಷ್ಟೇ. 52ರ ಇಎಸ್‌ಆರ್‌ನಲ್ಲಿ ಜಾವಾ ಇನ್ನೂ ನಡೆಯುತ್ತಿತ್ತು. ನನಗೆ ಗೊತ್ತಾಗಿದ್ದು ಎರಡು ದಿನ ಬಿಟ್ಟು. ಅಷ್ಟರಲ್ಲಿ ಆ ಹಿರಿಯರು ತಮ್ಮ ಫೈಲು, ಟೋಕನ್ ಎರಡನ್ನೂ ತೆಗೆದುಕೊಂಡು ಹೋಗಿದ್ದರು.